ಮಂಜಿಯ ಮೈಮೇಲಿನ ಗೆರೆ: ನೌಕಾಯಾನ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನೌಕಾಯಾನ ಮಹಾನಿರ್ದೇಶಕರೇ,

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕಡತಗಳಲ್ಲಿ ಇವು ಯಾಂತ್ರೀಕೃತ ಹಾಯಿ ಹಡಗುಗಳು. ಇಲ್ಲಿನ ದಕ್ಕೆಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಎಲ್ಲರ ಬಾಯಲ್ಲೂ ಮಂಜಿ. ಹೊರಡುವ ಮುನ್ನ ಪ್ರತಿಯೊಂದು ಮಂಜಿ ನೀರಿಗೆ ಎಷ್ಟು ಇಳಿದಿದೆ ಎಂಬುದನ್ನು ಸರ್ಕಾರದ ಪರವಾಗಿ ಒಬ್ಬರು ಕಣ್ಣಾರೆ ನೋಡಬೇಕು, ಬರೆದಿಡಬೇಕು, ಮಿತಿ ಮೀರಿದ್ದರೆ ಹಗ್ಗ ಬಿಚ್ಚಲು ಬಿಡಬಾರದು. ನನ್ನ ಬೇಡಿಕೆ ಇಷ್ಟೇ. 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಗಕ್ಕೆ ತರಲು ಹೊಸ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದರಡಿ ನಿಯಮಗಳನ್ನು ಬರೆಯುವ ಲೇಖನಿ ನಿಮ್ಮ ಕೈಯಲ್ಲಿದೆ. ಈಗ ಕೇಳದಿದ್ದರೆ ಮುಂದೆ ಕೇಳಲು ಇನ್ನೊಂದು ಅವಧಿ ಸಿಗಲಿಕ್ಕಿಲ್ಲ.

ನಾನು ಸರಕು ಹಡಗುಗಳಲ್ಲಿ ಮುಖ್ಯ ಅಧಿಕಾರಿಯಾಗಿ ದುಡಿದು ನಿವೃತ್ತನಾದವನು. ಹಡಗಿನಲ್ಲಿ ಕ್ಯಾಪ್ಟನ್ ನಂತರದ ಹುದ್ದೆ ಅದು. ಸರಕು ತುಂಬಿಸುವ ಹೊಣೆ ಅವನದು. ಲೋಡಿಂಗ್ ಮುಗಿಯುವ ಹೊತ್ತಿಗೆ ಮಧ್ಯರಾತ್ರಿಯಾಗಲಿ, ಮಳೆಯಾಗಲಿ, ಟಾರ್ಚ್ ಹಿಡಿದು ಹಗ್ಗದ ಏಣಿ ಇಳಿದು ಹಡಗಿನ ಮುಂದೆ, ನಡುವೆ, ಹಿಂದೆ ಎರಡೂ ಪಕ್ಕದಲ್ಲಿ ಅದು ನೀರಿಗೆ ಎಷ್ಟು ಇಳಿದಿದೆ ಎಂದು ತೋರಿಸುವ ಅಂಕಿಗಳನ್ನು ಓದಬೇಕು. ಅಲೆ ಏರಿಳಿಯುವಾಗ ಒಂದು ಅಂಕಿ ಮುಳುಗುತ್ತದೆ, ಮರುಕ್ಷಣ ಕಾಣುತ್ತದೆ. ಸರಾಸರಿ ಹಿಡಿಯಲು ತಾಳ್ಮೆ ಬೇಕು. ಮೇಲೆ ಡೆಕ್ಕಿನಲ್ಲಿ ಸರಕಿನವರ ಏಜೆಂಟ್ ನಿಂತು "ಇನ್ನು ಇನ್ನೂರು ಟನ್ ಹಿಡಿಯುವುದಿಲ್ಲವೇ" ಎಂದು ಕೇಳುತ್ತಿರುತ್ತಾನೆ. ಹಿಡಿಯುವುದಿಲ್ಲ ಎನ್ನಲು ನನಗೆ ಧೈರ್ಯ ಬರುತ್ತಿದ್ದದ್ದು ಸ್ವಭಾವದಿಂದಲ್ಲ, ಹಡಗು ಎಲ್ಲಿಯವರೆಗೆ ಇಳಿಯಬಹುದು ಎಂದು ತೋರಿಸಲು ಅದರ ಮೈಮೇಲಿದ್ದ ಒಂದು ಉಂಗುರ ಮತ್ತು ಅದರ ಪಕ್ಕದ ಗೆರೆಗಳಿಂದ. ಆ ಗೆರೆ ಮುಳುಗಿದರೆ ಮುಂದಿನ ಬಂದರಿನಲ್ಲಿ ಹಡಗನ್ನು ತಡೆದು ನಿಲ್ಲಿಸುತ್ತಾರೆ ಎಂಬುದು ಏಜೆಂಟನಿಗೂ ಗೊತ್ತಿತ್ತು. ಮಂಜಿಯನ್ನು ನಡೆಸುವ ತಂಡೇಲನಿಗೆ ಆ ಆಸರೆ ಬೇಕು ಎಂಬುದಕ್ಕಾಗಿಯೇ ಈ ಪತ್ರ.

2025ರ ಮೇ 14ರ ಬೆಳಗಿನ ಜಾವ 'ಸಲಾಮತ್' ಎಂಬ ಮಂಜಿ ಮಂಗಳೂರಿನ ನೈಋತ್ಯಕ್ಕೆ, ದಡದಿಂದ ಐವತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ ದೂರದಲ್ಲಿ ಮುಳುಗಿತು. ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿ ಹೇರಿಕೊಂಡು ಮೇ 12ರಂದು ಕಡಮತ್ ದ್ವೀಪಕ್ಕೆ ಹೊರಟಿದ್ದ ಮಂಜಿ ಅದು. ಅದರಲ್ಲಿದ್ದ ಆರು ಮಂದಿ ಸಣ್ಣ ದೋಣಿಯೊಂದರಲ್ಲಿ ಜೀವ ಹಿಡಿದುಕೊಂಡಿದ್ದರು. ಅದೇ ದಾರಿಯಲ್ಲಿ ಹೋಗುತ್ತಿದ್ದ 'ಎಪ್ಸಿಲಾನ್' ಎಂಬ ಹಡಗಿನವರು ಅವರನ್ನು ಕಂಡು ಸುದ್ದಿ ಮುಟ್ಟಿಸಿದರು. ಕರಾವಳಿ ಕಾವಲು ಪಡೆಯ 'ವಿಕ್ರಮ್' ಹೋಗಿ ಆರೂ ಜನರನ್ನು ಕರೆತಂದಿತು. ಎಪ್ಸಿಲಾನ್ ಆ ದಾರಿಯಲ್ಲಿ ಬಾರದೇ ಹೋಗಿದ್ದರೆ ಎಂದು ಯೋಚಿಸಲು ನನಗೆ ಮನಸ್ಸಾಗುವುದಿಲ್ಲ. ಸಲಾಮತ್ ಮುಳುಗಿದ್ದು ಹೆಚ್ಚಿನ ಹೊರೆಯಿಂದ ಎಂದು ನಾನು ಆರೋಪಿಸುತ್ತಿಲ್ಲ. ಕಾರಣ ಹೇಳಬೇಕಾದದ್ದು ತನಿಖೆ. ಆದರೆ ಅದು ಹೊರಟ ದಿನಾಂಕದ ಮೇಲೆ ನಿಮ್ಮ ಗಮನ ಸೆಳೆಯುತ್ತೇನೆ.

ಹಳೆ ಬಂದರಿನಲ್ಲಿ ಮಂಜಿಗಳ ಋತು ಮೇ ನಡುವಿಗೆ ಮುಗಿಯುತ್ತದೆ. ಮತ್ತೆ ಶುರುವಾಗುವುದು ಸೆಪ್ಟೆಂಬರ್ ನಡುವಿಗೆ. ಈ ನಾಲ್ಕು ತಿಂಗಳಿಗೆ ಬೇಕಾದ ಸಾಮಾನುಗಳಲ್ಲಿ ಆದಷ್ಟನ್ನು ದ್ವೀಪದವರು ಮೊದಲೇ ತರಿಸಿಕೊಳ್ಳಬೇಕು. ಮನೆ ಅರ್ಧಕ್ಕೆ ನಿಂತಿದ್ದರೆ ಸಿಮೆಂಟ್ ಈಗಲೇ ಬೇಕು, ಅಂಗಡಿಯವನಿಗೆ ಅಕ್ಕಿ ಈರುಳ್ಳಿ ಈಗಲೇ ಬೇಕು. ಹಾಗಾಗಿ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ದಕ್ಕೆಯ ಮೇಲೆ ಲಾರಿಗಳ ಸಾಲು. ಇದು ಕೊನೆಯ ಟ್ರಿಪ್, ಇದರಲ್ಲಿ ಹೋಗದ್ದು ಇನ್ನು ಸೆಪ್ಟೆಂಬರಿಗೆ ಎಂಬ ಅವಸರ ಎಲ್ಲರಿಗೂ. ಅದೇ ಎರಡು ವಾರಗಳಲ್ಲಿ ಅರಬ್ಬಿ ಸಮುದ್ರವೂ ಬದಲಾಗುತ್ತಿರುತ್ತದೆ. 2021ರಲ್ಲಿ ತೌಕ್ತೆ ಚಂಡಮಾರುತ ಎದ್ದದ್ದು ಇದೇ ಮೇ ನಡುವಿನಲ್ಲಿ, ಲಕ್ಷದ್ವೀಪದ ಹತ್ತಿರವೇ. ಆಗ ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ 'ಕೋರಮಂಡಲ್ ಸಪೋರ್ಟರ್' ಟಗ್ಗಿನ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯವರು ಹೇಗೆ ಪಾರು ಮಾಡಿದರು ಎಂಬುದನ್ನು ಈ ಊರು ಮರೆತಿಲ್ಲ. ವರ್ಷದಲ್ಲಿ ಮಂಜಿಗೆ ಅತಿ ಹೆಚ್ಚು ಹೊರೆ ಬೀಳುವ ಸಮಯ ಮತ್ತು ಕಡಲು ಕೆಡಲು ಆರಂಭಿಸುವ ಸಮಯ ಒಂದೇ ಆಗಿರುವುದು ಈ ದಾರಿಯ ನಿಜವಾದ ಅಪಾಯ.

ಹೊರೆ ಎಂದರೆ ಎಷ್ಟು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಹಡಗಿನ ಲೆಕ್ಕ ಗೊತ್ತಿಲ್ಲದವರಿಗೆ ಇಲ್ಲಿ ಕಣ್ಣು ಮೋಸ ಮಾಡುತ್ತದೆ. 25 ಮೀಟರ್ ಉದ್ದ, 7 ಮೀಟರ್ ಅಗಲದ ಮಂಜಿ ಎಂದಿಟ್ಟುಕೊಳ್ಳಿ. ಮೂತಿ ಮತ್ತು ಹಿಂಭಾಗ ಚೂಪಾಗುವುದನ್ನು ಕಳೆದರೆ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಸುಮಾರು 120 ಚದರ ಮೀಟರ್. ಅದನ್ನು ಒಂದು ಸೆಂಟಿಮೀಟರ್ ಇಳಿಸಲು ಒಂದೂಕಾಲು ಟನ್ ಸಾಕು, ಅಂದರೆ ಐವತ್ತು ಕಿಲೋದ 25 ಚೀಲ ಸಿಮೆಂಟ್. ಒಂದು ದೊಡ್ಡ ಲಾರಿಯ ಲೋಡು, 500 ಚೀಲ, ಹೆಚ್ಚಾಗಿ ಬಿದ್ದರೆ ಮಂಜಿ 20 ಸೆಂಟಿಮೀಟರ್ ಇಳಿಯುತ್ತದೆ. ದಕ್ಕೆಯ ಮೇಲೆ ನಿಂತವನಿಗೆ ಅದು ಬರಿಯ ಒಂದು ಗೇಣು. ಆದರೆ ನೀರಿನ ಮಟ್ಟದಿಂದ ಡೆಕ್ಕಿನವರೆಗೆ ಉಳಿಯುವ ಒಣ ಮೈ, ನಾವು ಫ್ರೀಬೋರ್ಡ್ ಎನ್ನುವುದು, ಮರದ ಮಂಜಿಗೆ ಮೊದಲೇ ಕಡಿಮೆ. ಅದರಲ್ಲಿ ಒಂದು ಗೇಣು ಹೋದರೆ ಪಕ್ಕಕ್ಕೆ ಸ್ವಲ್ಪ ವಾಲಿದರೂ ಡೆಕ್ಕಿನ ಅಂಚು ನೀರಿಗೆ ತಾಗುತ್ತದೆ. ಅಂಚು ಮುಳುಗಿದ ಮೇಲೆ ಮಂಜಿಗೆ ತಾನಾಗಿ ನೆಟ್ಟಗಾಗುವ ಶಕ್ತಿ ಬೇಗ ಬೇಗ ಕುಗ್ಗುತ್ತದೆ.

ದೊಡ್ಡ ಹಡಗಿನ ಹ್ಯಾಚಿಗೆ, ಅಂದರೆ ಸರಕು ಇಳಿಸುವ ಬಾಯಿಗೆ, ಉಕ್ಕಿನ ಮುಚ್ಚಳವಿದೆ. ಅಲೆ ಬಂದು ಬಿದ್ದರೂ ನೀರು ಹರಿದು ಹೋಗುತ್ತದೆ. ಮಂಜಿಯ ಹೊಟ್ಟೆಯ ಮೇಲೆ ಹಲಗೆ, ಅದರ ಮೇಲೆ ಟಾರ್ಪಾಲು, ಅದರ ಮೇಲೂ ಸರಕು. ಹಲಗೆಗಳ ಸಂದಿಗೆ ಹತ್ತಿ ತುರುಕಿ ಮೇಣ ಬಳಿದಿದ್ದರೂ ಮರದ ಮೈ ಒಂದಷ್ಟು ನೀರನ್ನು ಒಳಗೆ ಬಿಟ್ಟೇ ಬಿಡುತ್ತದೆ. ಪಂಪು ಓಡುತ್ತಲೇ ಇರಬೇಕು. ಹೊರೆ ಹೆಚ್ಚಿದಷ್ಟೂ ಒಣಗಿ ಬಿರುಕು ಬಿಟ್ಟ ಮೇಲಿನ ಹಲಗೆಗಳು ನೀರಿನೊಳಕ್ಕೆ ಹೋಗುತ್ತವೆ. ಋತುವಿಡೀ ಬಿಸಿಲು ಕಂಡ ಸಂದಿಗಳು ಅವು. ಒಳಗೆ ಬಂದ ನೀರಿಗೆ ಒಡೆದ ಚೀಲದ ಸಿಮೆಂಟ್ ಸೇರಿ ರಾಡಿಯಾದರೆ ಪಂಪಿನ ಬಾಯಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ಪಂಪಿನ ಬಾಯಿಯನ್ನು ಕತ್ತಲಲ್ಲಿ, ಸರಕಿನ ಅಡಿಗೆ ಕೈ ಹಾಕಿ, ಅಲ್ಲಾಡುವ ಮಂಜಿಯಲ್ಲಿ ಬಿಡಿಸಲು ಹೋಗುವವನು ಖಲಾಸಿ, ಮಂಜಿಯ ಸಾಮಾನ್ಯ ಕೆಲಸಗಾರ. ದಡದಲ್ಲಿ ಆ 500 ಚೀಲಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಒಬ್ಬರೂ ಅಲ್ಲಿರುವುದಿಲ್ಲ.

ಎರಡು ಮಾತು ಸಮಜಾಯಿಷಿಗಳ ಬಗ್ಗೆ. "ಇಲ್ಲಿ ಹೊಳೆ ನೀರು, ಕಡಲಿಗೆ ಹೋದರೆ ಏಳುತ್ತದೆ ಬಿಡಿ" ಎಂದು ಹೇಳುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಸಿಹಿನೀರಿಗಿಂತ ಕಡಲ ನೀರು ದಟ್ಟ. ಹೊಳೆಯಲ್ಲಿ ತುಂಬಿದ ಹಡಗು ಕಡಲಿನಲ್ಲಿ ಸ್ವಲ್ಪ ಮೇಲೇಳುತ್ತದೆ. ಮೂರು ಮೀಟರ್ ಇಳಿಯುವ ಮಂಜಿಗೆ ಆ ಏಳುವಿಕೆ ಹೆಚ್ಚೆಂದರೆ ಆರೇಳು ಸೆಂಟಿಮೀಟರ್. ಅದೂ ಹಳೆ ಬಂದರು ಇರುವ ಗುರುಪುರ ಹೊಳೆಯಲ್ಲಿ ಸಿಹಿನೀರು ತುಂಬಿ ಹರಿಯುವಾಗ. ಮೇ ತಿಂಗಳಿನಲ್ಲಿ ಹೊಳೆ ಬತ್ತಿ, ಉಪ್ಪುನೀರು ಅಳಿವೆಯಿಂದ ಒಳಗೆ ಬಹುದೂರ ಏರಿರುತ್ತದೆ. ಆಗ ದಕ್ಕೆಯ ಪಕ್ಕದ ನೀರೇ ಕಡಲ ನೀರು. ಹೊಳೆಯ ಸಮಜಾಯಿಷಿ ಮೇ ತಿಂಗಳಲ್ಲಿ ನಿಲ್ಲುವುದಿಲ್ಲ.

ಇನ್ನೊಂದು, "ನಮಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ" ಎಂಬುದು. ಹಮಾಲಿಗಳು ಮೂಟೆ ಹೊತ್ತು ದಕ್ಕೆಯಿಂದ ಮಂಜಿಗೆ ದಾಟುವ ಹಲಗೆಯನ್ನು ನೋಡಿದವರು ಹೀಗೆ ಹೇಳುತ್ತಾರೆ. ಬೆಳಿಗ್ಗೆ ಖಾಲಿ ಮಂಜಿಗೆ ಹಲಗೆ ಮೇಲ್ಮುಖವಾಗಿರುತ್ತದೆ, ಹಮಾಲಿ ಬೆನ್ನು ಬಾಗಿಸಿ ಏರುತ್ತಾನೆ. ಸಂಜೆಯ ಹೊತ್ತಿಗೆ ಅದೇ ಹಲಗೆ ಕೆಳಕ್ಕೆ ಇಳಿಜಾರಾಗಿರುತ್ತದೆ, ಅವನು ಕಾಲು ತಡೆದು ತಡೆದು ಇಳಿಯುತ್ತಾನೆ. ಮಂಜಿ ತುಂಬಿತು ಎನ್ನಲು ಇದಕ್ಕಿಂತ ಚೆಂದದ ಸೂಚನೆ ಇಲ್ಲ ಎನಿಸುತ್ತದೆ. ಆದರೆ ಅದೇ ಸಮಯದಲ್ಲಿ ಉಬ್ಬರ ಇಳಿತವೂ ನಡೆದಿರುತ್ತದಲ್ಲ. ಆ ಇಳಿಜಾರಿನಲ್ಲಿ ಸರಕಿನ ಪಾಲು ಎಷ್ಟು, ಇಳಿತದ ಪಾಲು ಎಷ್ಟು ಎಂದು ಯಾವ ಅನುಭವಸ್ಥನ ಕಣ್ಣೂ ಬಿಡಿಸಿ ಹೇಳಲಾರದು. ಉಬ್ಬರ ಬಂದರೂ ಇಳಿತ ಬಂದರೂ ಸುಳ್ಳು ಹೇಳದೆ ಇರುವುದು ಮಂಜಿಯ ಮೈಗೇ ಅಂಟಿಕೊಂಡ ಗೆರೆ ಒಂದೇ.

ಈ ಗೆರೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಹಳೆಯ ಹಡಗಿಗೆ ಮಿತಿಮೀರಿ ಸರಕು ತುಂಬಿ, ವಿಮೆ ಮಾಡಿಸಿ, ಕಡಲಿಗೆ ಕಳುಹಿಸುವ ಮಾಲೀಕರಿದ್ದರು. ಬಂದರೆ ಲಾಭ, ಮುಳುಗಿದರೆ ವಿಮೆ. ಅಂಥ ಹಡಗನ್ನು ಹತ್ತಲು ಒಪ್ಪದ ನಾವಿಕರನ್ನು ಕರಾರು ಮುರಿದರೆಂದು ಜೈಲಿಗೆ ಹಾಕುತ್ತಿದ್ದರು. ಡರ್ಬಿಯ ಸಂಸದ, ಕಲ್ಲಿದ್ದಲು ವ್ಯಾಪಾರಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1875ರ ಜುಲೈನಲ್ಲಿ ಸರ್ಕಾರ ಹಡಗುಗಳ ಸುರಕ್ಷತೆಯ ಮಸೂದೆಯನ್ನು ಕೈಬಿಟ್ಟಾಗ ಸದನದಲ್ಲೇ ಸಿಡಿದೆದ್ದರು. ಜನ ಅವರ ಬೆನ್ನಿಗೆ ನಿಂತರು. 1876ರಲ್ಲಿ ಕಾನೂನು ಬಂತು, ಹಡಗುಗಳಿಗೆ ಹೊರೆಯ ಗೆರೆ ಕಡ್ಡಾಯವಾಯಿತು. ಅಲ್ಲಿಗೆ ಮುಗಿಯಿತು ಎಂದು ಪಾಠದಲ್ಲಿ ಓದುತ್ತೇವೆ. ಮುಗಿಯಲಿಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಆ ಕಾನೂನು ಮಾಲೀಕರಿಗೇ ಬಿಟ್ಟಿತ್ತು! ಗೆರೆಯ ಜಾಗವನ್ನು ಕಾನೂನೇ ಗೊತ್ತುಪಡಿಸಿದ್ದು 1890ರಲ್ಲಿ. ನಡುವಿನ ಹದಿನಾಲ್ಕು ವರ್ಷ ಬಣ್ಣವಿತ್ತು, ಬಲವಿರಲಿಲ್ಲ. ನಮ್ಮ ಮಂಜಿಗಳ ಮಟ್ಟಿಗೆ ನಾವು ಆ ಹದಿನಾಲ್ಕು ವರ್ಷಗಳಲ್ಲೇ ನಿಂತಿದ್ದೇವೆ ಎಂದು ನನಗನಿಸುತ್ತದೆ. ನಮ್ಮ ಕಾನೂನಿನಲ್ಲಿ ಹಾಯಿ ಹಡಗುಗಳಿಗೂ ಫ್ರೀಬೋರ್ಡ್ ಗೊತ್ತುಪಡಿಸುವ, ಅದನ್ನು ಮೈಮೇಲೆ ಗುರುತಿಸುವ ನಿಯಮ ಹಿಂದಿನಿಂದಲೂ ಇದೆ. ಗೆರೆ ಇದೆ. ಹೊರಡುವ ದಿನ, ಹೊರಡುವ ಗಳಿಗೆ, ಅದರ ಮುಂದೆ ನಿಂತು ನೋಡುವ ಕಣ್ಣು ಬೇಕು.

ದೊಡ್ಡ ಹಡಗಿಗೆ ಅಂಥ ಕಣ್ಣುಗಳು ಜಗತ್ತಿನಾದ್ಯಂತ ಇವೆ. 1966ರ ಅಂತರರಾಷ್ಟ್ರೀಯ ಲೋಡ್ ಲೈನ್ (ಹೊರೆಯ ಗೆರೆ) ಒಪ್ಪಂದ ಕಡಲನ್ನೇ ವಲಯಗಳಾಗಿ, ಋತುಗಳಾಗಿ ಹಂಚಿದೆ. ಅರಬ್ಬಿ ಸಮುದ್ರ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಉಷ್ಣವಲಯ. ಜೂನ್ 1ರಿಂದ ಆಗಸ್ಟ್ 31ರವರೆಗೆ, ನಮ್ಮ ಮಳೆಗಾಲದಲ್ಲಿ, ಅದೇ ನೀರಿನಲ್ಲಿ ಹಡಗು ಕಡಿಮೆ ಇಳಿಯಬೇಕು. ಎಷ್ಟು ಕಡಿಮೆ? ಬೇಸಿಗೆ ಗೆರೆಯ ಆಳದ 48ನೇ ಒಂದು ಭಾಗ (ನಮ್ಮ ಮಳೆಗಾಲದಲ್ಲಿ ಪಾಲಿಸಬೇಕಾದ ಈ ಕೆಳಗಿನ ಗೆರೆಗೆ ಒಪ್ಪಂದದಲ್ಲಿ 'ಬೇಸಿಗೆ' ಎಂದೇ ಹೆಸರು). 9.6 ಮೀಟರ್ ಇಳಿಯುವ ಹಡಗಿಗೆ ಅದು 20 ಸೆಂಟಿಮೀಟರ್, ಸರಕಿನಲ್ಲಿ ಸುಮಾರು ಸಾವಿರ ಟನ್. ಸಾವಿರ ಟನ್ನಿನ ಬಾಡಿಗೆಯನ್ನು ಬಿಟ್ಟುಕೊಡು ಎಂದು ಒಪ್ಪಂದ ಹೇಳುತ್ತದೆ, ಹಡಗಿನವರು ಬಿಟ್ಟುಕೊಡುತ್ತಾರೆ, ಏಕೆಂದರೆ ನೋಡುವವರಿದ್ದಾರೆ.

ಮಂಜಿ ಈ ರಕ್ಷಣೆಯ ಹೊರಗಿದೆ. ಲೋಡ್ ಲೈನ್ ಒಪ್ಪಂದ ಅನ್ವಯಿಸುವುದು ದೇಶ ದೇಶಗಳ ನಡುವಿನ ಯಾನಕ್ಕೆ, ಅದೂ 24 ಮೀಟರಿಗಿಂತ ಸಣ್ಣ ಹಡಗುಗಳನ್ನು ಬಿಟ್ಟು. ಕಡಲ ಸುರಕ್ಷತೆಯ ಸೋಲಾಸ್ ಒಪ್ಪಂದ ಹಳೆಯ ಮಾದರಿಯ ಮರದ ಹಡಗುಗಳಿಗೆ ವಿನಾಯಿತಿ ಕೊಟ್ಟಿದೆ. ನಾವಿಕರ ಕೆಲಸದ ಹಕ್ಕುಗಳ 2006ರ ಒಪ್ಪಂದಕ್ಕೆ ಭಾರತ 2015ರಲ್ಲಿ ಅನುಮೋದನೆ ಕೊಟ್ಟಿತು, ಒಳ್ಳೆಯದೇ ಆಯಿತು. ಅದು ಕೂಡ ಸಾಂಪ್ರದಾಯಿಕ ಮರದ ಹಡಗುಗಳನ್ನು ಹೊರಗಿಟ್ಟಿದೆ. ಮೂರು ದೊಡ್ಡ ಒಪ್ಪಂದಗಳೂ ಕೈಬಿಟ್ಟ ಮೇಲೆ ಮಂಗಳೂರು–ಕಡಮತ್ ನಡುವಿನ ಮುನ್ನೂರು ಕಿಲೋಮೀಟರಿನಲ್ಲಿ ಖಲಾಸಿಯ ಪಾಲಿಗೆ ಉಳಿಯುವುದು ಭಾರತದ ನಿಯಮ ಮಾತ್ರ. ಅಂದರೆ ನೀವು.

ಮತ್ತೆ ಇಲ್ಲಿ ಆಡಳಿತದ ಒಂದು ತೊಡಕಿದೆ. ಹಡಗಿನ ಯೋಗ್ಯತೆ, ಪ್ರಮಾಣಪತ್ರ, ಫ್ರೀಬೋರ್ಡ್ ಎಲ್ಲವೂ ಕೇಂದ್ರದ್ದು, ನಿಮ್ಮ ಅಧೀನದ ಮರ್ಕೆಂಟೈಲ್ ಮರೀನ್ ಕಚೇರಿಗಳದ್ದು. ಹಳೆ ಬಂದರು ರಾಜ್ಯ ಸರ್ಕಾರದ್ದು. ಸರಕು ಇಳಿಯುವುದು ಕೇಂದ್ರಾಡಳಿತ ಪ್ರದೇಶದಲ್ಲಿ. 1956ರ ನವೆಂಬರ್ 1ರವರೆಗೆ ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಈ ದಾರಿಯ ಎರಡೂ ತುದಿ ಒಂದೇ ಕಚೇರಿಯ ಕೈಯಲ್ಲಿತ್ತು. ಈಗ ಮೂರು ಆಡಳಿತಗಳ ನಡುವೆ ಒಂದು ಮಂಜಿ ತೇಲುತ್ತಿದೆ. ವರ್ಷಕ್ಕೊಮ್ಮೆ ಸಮೀಕ್ಷಕರು ಹಡಗನ್ನು ನೋಡಿ ಪತ್ರ ಕೊಡುವುದು ಹಡಗಿನ ಬಗ್ಗೆ, ಆ ವರ್ಷದ ಒಂದೊಂದು ಟ್ರಿಪ್ಪಿನ ಹೊರೆಯ ಬಗ್ಗೆ ಅಲ್ಲ. ಹೊರೆಯ ಮಟ್ಟಕ್ಕೆ ಸಹಿ ಹಾಕಿ ಹೊಣೆ ಹೊರುವ ಅಧಿಕಾರಿ ಇವರೇ ಎಂದು ಹೊಸ ನಿಯಮ ಒಂದೇ ವಾಕ್ಯದಲ್ಲಿ ಹೇಳಬೇಕು. ಇಬ್ಬರ ಹೆಸರು ಬರೆದರೆ ಒಬ್ಬರೂ ಬರುವುದಿಲ್ಲ.

ಗೆರೆಯೊಂದೇ ಎಲ್ಲವನ್ನೂ ಕಾಯುತ್ತದೆ ಎಂದು ನಾನು ಹೇಳುವುದಿಲ್ಲ. ಈ ಪಾಠವನ್ನು ಕಲಿಸಿದ್ದು ಮಂಗಳೂರಿನ ಕಡಲೇ. 2009ರ ಜುಲೈನಲ್ಲಿ 'ಏಷ್ಯನ್ ಫಾರೆಸ್ಟ್' ಎಂಬ ಹಡಗು ನವಮಂಗಳೂರು ಬಂದರಿನಲ್ಲಿ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟು, ಹೊರಟ ಕೆಲವೇ ಗಂಟೆಗಳಲ್ಲಿ ವಾಲಿ, ಮುಳುಗಿತು. ಹದಿನೆಂಟು ನಾವಿಕರನ್ನೂ ಕರಾವಳಿ ಕಾವಲು ಪಡೆ ಉಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ 'ಬ್ಲ್ಯಾಕ್ ರೋಸ್' ಮುಳುಗಿತು, ಅದರಲ್ಲೂ ಅದಿರಿನ ಪುಡಿಯೇ. ಅಲ್ಲಿ ಒಬ್ಬ ನಾವಿಕ ಸತ್ತ. ಮಳೆಯಲ್ಲಿ ತೆರೆದ ಜಾಗದಲ್ಲಿ ರಾಶಿ ಹಾಕಿದ ಅದಿರು ನೀರು ಕುಡಿಯುತ್ತದೆ. ಹಡಗು ಕಡಲಲ್ಲಿ ಕುಲುಕುವಾಗ ಕಣಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ, ಗಟ್ಟಿಯಾಗಿ ಕಾಣುತ್ತಿದ್ದ ರಾಶಿ ಇದ್ದಕ್ಕಿದ್ದಂತೆ ಕೆಸರಿನಂತೆ ಹರಿದು ಒಂದು ಪಕ್ಕಕ್ಕೆ ಸೇರುತ್ತದೆ. ಗೆರೆ ಮುಳುಗದಿದ್ದರೂ ಇದು ಆಗಬಹುದು. ಇದನ್ನು ಅಂದಾಜು ಮಾಡಲು ನಾವು ಡೆಕ್ಕಿನಲ್ಲೇ ಮಾಡುತ್ತಿದ್ದ ಪರೀಕ್ಷೆ ಸರಳ: ಒಂದು ಡಬ್ಬಿಯ ಅರ್ಧಕ್ಕೆ ಅದಿರು ತುಂಬಿ, 20 ಸೆಂಟಿಮೀಟರ್ ಎತ್ತರದಿಂದ 25 ಬಾರಿ ಗಟ್ಟಿ ನೆಲಕ್ಕೆ ಕುಟ್ಟುವುದು. ಮೇಲೆ ನೀರು ಒಸರಿದರೆ ಸರಕು ಹತ್ತಿಸಬಾರದು, ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಸರದಿದ್ದರೂ ಅಪಾಯವಿಲ್ಲ ಎಂದು ತೀರ್ಮಾನಿಸುವಂತಿಲ್ಲ. 2010ರ ಕೊನೆಯ ಮೂರು ತಿಂಗಳಲ್ಲಿ ಇಂಡೊನೇಷ್ಯಾದಿಂದ ನಿಕಲ್ ಅದಿರು ಹೊತ್ತು ಹೊರಟ ಮೂರು ಹಡಗುಗಳು ಮುಳುಗಿ 44 ನಾವಿಕರು ಸತ್ತರು. ಘನ ಸರಕುಗಳ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾದದ್ದು ಅದರ ಮರುತಿಂಗಳು, 2011ರ ಜನವರಿ 1ರಿಂದ. ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರಿನ ರಫ್ತಿಗೆ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅನುಮತಿ ಕೊಟ್ಟಿದೆ. ಆ ಡಬ್ಬಿಯನ್ನು ಬಂದರಿನವರು ಮರೆಯುವ ಕಾಲ ಇದಲ್ಲ.

ಮಂಜಿಯಲ್ಲಿ ಅದಿರು ಹೋಗುವುದಿಲ್ಲ, ಮರಳು ಮತ್ತು ಜಲ್ಲಿ ಹೋಗುತ್ತವೆ. ಮೇ ತಿಂಗಳ ಸಂಜೆ ಮಳೆಗೆ ನೆಂದ ಮರಳಿನ ತೂಕ ಚೀಟಿಯಲ್ಲಿ ಬರೆದ ತೂಕವಲ್ಲ. ಮೇಲೆ ರಾಶಿ ಹಾಕಿದ ಜಲ್ಲಿ ವಾಲಿದಾಗ ಜಾರುತ್ತದೆ. ಆದ್ದರಿಂದ ಗೆರೆಯ ಜೊತೆಗೆ ಡೆಕ್ಕಿನ ಮೇಲೆ ಏನು, ಎಷ್ಟು ಎತ್ತರಕ್ಕೆ ಹೇರಬಹುದು ಎಂಬುದಕ್ಕೂ ಮಿತಿ ಬೇಕು.

ದ್ವೀಪದವರ ಮಾತನ್ನೂ ಕೇಳಬೇಕು, ಅವರನ್ನು ಬಿಟ್ಟು ಈ ಪತ್ರ ಬರೆದರೆ ಅನ್ಯಾಯ. ಅಲ್ಲಿ ಕಲ್ಲು ಒಡೆಯುವಂತಿಲ್ಲ, ಮರಳು ತೆಗೆಯುವಂತಿಲ್ಲ. ಮನೆಯ ಒಂದೊಂದು ಬುಟ್ಟಿ ಜಲ್ಲಿಯೂ ಹಡಗು ಹತ್ತಿ ಬರಬೇಕು. ಹೊರೆ ಕಡಿಮೆ ಮಾಡಿದರೆ ಟ್ರಿಪ್ಪು ಹೆಚ್ಚುತ್ತದೆ, ಬಾಡಿಗೆ ಏರುತ್ತದೆ, ಕಡಮತ್‌ನ ಬಡವನ ಮನೆ ದುಬಾರಿಯಾಗುತ್ತದೆ. ನಿಜ. ಆದರೆ ಈಗಲೂ ಅದರ ಬೆಲೆಯನ್ನು ಯಾರೋ ಕೊಡುತ್ತಲೇ ಇದ್ದಾರೆ. ಕೊಡುತ್ತಿರುವವರು ಸಂಬಳಕ್ಕೆ ಬಂದ ಐದಾರು ಖಲಾಸಿಗಳು, ಮತ್ತು ಕೆಲವೊಮ್ಮೆ ಮಂಜಿಯನ್ನೇ ಕಳೆದುಕೊಳ್ಳುವ ಮಾಲೀಕ. ಬಾಡಿಗೆಯ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡಲಿ, ಏಪ್ರಿಲ್–ಮೇ ತಿಂಗಳಲ್ಲಿ ಸಿಮೆಂಟ್ ಮತ್ತು ಜಲ್ಲಿಗೆಂದೇ ಒಂದು ಉಕ್ಕಿನ ಬಾರ್ಜು ಓಡಿಸಲಿ. ದ್ವೀಪದ ಮನೆಗೆ ಸಹಾಯಧನ ಕೊಡುವುದು ನ್ಯಾಯ. ಖಲಾಸಿಯ ಪ್ರಾಣದಿಂದ ಕೊಡುವುದು ಯಾವ ನ್ಯಾಯವೂ ಅಲ್ಲ. ಮಾಲೀಕರ ಬಗ್ಗೆಯೂ ಹೇಳಬೇಕು: ಗೆರೆಗೆ ನಿಷ್ಠೆಯಿಂದ ನಡೆಯುವ ಮಾಲೀಕ ಇಂದು ಸೋಲುತ್ತಾನೆ, ಒಂದು ಗೇಣು ಹೆಚ್ಚು ಇಳಿಸುವವನು ಕಡಿಮೆ ಬಾಡಿಗೆಗೆ ಒಪ್ಪಿಕೊಳ್ಳಬಲ್ಲ. ತಪಾಸಣೆ ಎಲ್ಲರಿಗೂ ಒಂದೇ ಆದರೆ ಉಳಿಯುವುದು ಪ್ರಾಮಾಣಿಕನ ವ್ಯಾಪಾರ.

ಇದಕ್ಕೆ ದೊಡ್ಡ ಯಂತ್ರ, ದೊಡ್ಡ ಖರ್ಚು ಬೇಡ. ಗುರುತು ಬರಿಯ ಬಣ್ಣವಾಗಿರದೆ ಎರಡೂ ಪಕ್ಕದಲ್ಲಿ ಮೊಳೆ ಹೊಡೆದು ಕೂರಿಸಿದ ಲೋಹದ ಪಟ್ಟಿಯಾಗಿರಲಿ, ರಾತ್ರಿ ಟಾರ್ಚ್ ಬೆಳಕಿಗೂ ಕಾಣಲಿ. ಬಣ್ಣವನ್ನು ಒಂದು ರಾತ್ರಿಯಲ್ಲಿ ಮೇಲಕ್ಕೆ ಏರಿಸಬಹುದು, ಪಟ್ಟಿಯನ್ನು ಏರಿಸಿದರೆ ಹಳೆಯ ಮೊಳೆಯ ತೂತು ಉಳಿಯುತ್ತದೆ. ಸರಕು ತುಂಬಿ ಮುಗಿದ ಮೇಲೆ ಹೊಣೆಗಾರ ಅಧಿಕಾರಿ ಎರಡೂ ಪಕ್ಕದ ಗುರುತಿನ ಫೋಟೊವನ್ನು ಸಮಯ ಸಹಿತ ತೆಗೆಯಲಿ, ಆ ಫೋಟೊ ಇಲ್ಲದೆ ಹೊರಡುವ ಅನುಮತಿ ಸಿಗದಿರಲಿ, ಅದೇ ದಿನ ಅದು ಯಾರು ಬೇಕಾದರೂ ನೋಡುವಂತೆ ಪ್ರಕಟವಾಗಲಿ. ದಕ್ಕೆಗೆ ಬರುವ ಲಾರಿಗಳ ತೂಕದ ಚೀಟಿಗಳನ್ನು ಕೂಡಿಸಿ ಅದರ ಜೊತೆಗಿಟ್ಟರೆ ಸುಳ್ಳು ಹೇಳುವುದು ಇನ್ನಷ್ಟು ಕಷ್ಟ. ಮೇ 1ರಿಂದ ಋತು ಮುಗಿಯುವವರೆಗೆ ಮಂಜಿಗಳಿಗೆ ಬೇರೆಯದೇ, ಇನ್ನಷ್ಟು ಕೆಳಗಿನ ಗೆರೆ ಇರಲಿ. ದೊಡ್ಡ ಹಡಗಿನ 48ನೇ ಒಂದು ಭಾಗದ ಲೆಕ್ಕವನ್ನೇ ಹಿಡಿದರೂ ಮೂರು ಮೀಟರ್ ಇಳಿಯುವ ಮಂಜಿಗೆ ಅದು ಆರು ಸೆಂಟಿಮೀಟರ್, ನೂರೈವತ್ತು ಚೀಲ ಸಿಮೆಂಟ್. ನನ್ನನ್ನು ಕೇಳಿದರೆ ಅದರ ಎರಡರಷ್ಟು ಬೇಕು ಎನ್ನುತ್ತೇನೆ, ಉಕ್ಕಿನ ಮುಚ್ಚಳವಿಲ್ಲದ ಮರದ ಹಡಗು ಇದು.

ಎಲ್ಲಕ್ಕಿಂತ ಮುಖ್ಯವಾದದ್ದು ತಂಡೇಲನ ಮಾತಿಗೆ ಬೆಲೆ. ಗೆರೆ ಮುಳುಗಿದೆ, ನಾನು ಹೊರಡುವುದಿಲ್ಲ ಎಂದು ಅವನು ಹೇಳಿದರೆ ಅವನ ಸಂಬಳವಾಗಲಿ, ಮುಂದಿನ ಕೆಲಸವಾಗಲಿ ಹೋಗಬಾರದು. ಬಂದರಿನ ಅಧಿಕಾರಿಗೆ ಒಂದು ಫೋನ್ ಮಾಡಿದರೆ ಸಾಕು, ಮಂಜಿ ನಿಲ್ಲಬೇಕು, ಫೋನ್ ಮಾಡಿದವರ ಹೆಸರು ಹೊರಬರಬಾರದು. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಗುರುತು ನೀರಿನೊಳಗೆ ಹೋದ ಮಂಜಿಗಳನ್ನು ನಾನು ನೋಡಿದ್ದೇನೆ. ಯಾವ ಬಂದರು, ಯಾರ ಮಂಜಿ ಎಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅಂಥದ್ದೊಂದರ ತಂಡೇಲನನ್ನು ಕೇಳಿದೆ. "ನಾನು ಬೇಡ ಎಂದರೆ ಸಂಜೆಯೊಳಗೆ ಇನ್ನೊಬ್ಬ ತಂಡೇಲ ಬರುತ್ತಾನೆ ಸರ್" ಎಂದ. ಅವನಿಗೆ ಹೊರೆಯ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮುಳುಗಿದ ಮಂಜಿಗಳ ತನಿಖಾ ವರದಿಗಳನ್ನು ಪ್ರಕಟಿಸಿ, ಕನ್ನಡ, ಮಲಯಾಳಂ, ತಮಿಳು, ಗುಜರಾತಿಯಲ್ಲಿ ಪ್ರಕಟಿಸಿ. ಈ ಮಂಜಿಗಳಲ್ಲಿ ದುಡಿಯುವವರು ಓದುವ ಭಾಷೆಗಳು ಅವು. ಸಲಾಮತ್‌ನ ಆರು ಜನರು ಕಡಲಿನಲ್ಲಿ ಕಂಡದ್ದನ್ನು ಮುಂದಿನ ಆರು ಜನರು ದಡದಲ್ಲೇ ಓದುವಂತಾಗಲಿ.

ಬರುವ ಸೆಪ್ಟೆಂಬರಿನ ಮೊದಲ ಮಂಜಿ ಹೊರಡುವುದರೊಳಗೆ ಇದರಲ್ಲಿ ಕನಿಷ್ಠ ಫೋಟೊ ಮತ್ತು ಲೋಹದ ಪಟ್ಟಿಯ ನಿಯಮವನ್ನು ಸುತ್ತೋಲೆಯ ಮೂಲಕವೇ ಜಾರಿಗೆ ತರಬಹುದು. ಅದಕ್ಕಾಗಿ ಹೊಸ ನಿಯಮಾವಳಿ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಬಂದರಿನ ಸಿಬ್ಬಂದಿಗೆ ಗುರುತು ಓದುವುದನ್ನು ಕಲಿಸಲು ಜನ ಬೇಕಿದ್ದರೆ, ಹಡಗು ಬಿಟ್ಟು ಮನೆಯಲ್ಲಿರುವ ನನ್ನಂಥ ಅಧಿಕಾರಿಗಳು ಮಂಗಳೂರಿನಲ್ಲಿ, ಉಡುಪಿಯಲ್ಲಿ, ಕಾರವಾರದಲ್ಲಿ ಸಾಕಷ್ಟಿದ್ದೇವೆ. ಸಂಭಾವನೆ ಬೇಡ. ದಿನ ಮತ್ತು ಸಮಯ ತಿಳಿಸಿದರೆ ದಕ್ಕೆಗೆ ಬರುತ್ತೇವೆ.

ಇತಿ,
ಸರಕು ಹಡಗಿನ ನಿವೃತ್ತ ಮುಖ್ಯ ಅಧಿಕಾರಿ,
ಮಂಗಳೂರು

ಪ್ರತಿ: ಕರ್ನಾಟಕದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಲಕ್ಷದ್ವೀಪ ಆಡಳಿತ